ನಾಲ್ಕು ಕೆಲಸ ಹೇಳಿದರೆ ಒಂದೇ ನೆನಪಿರುತ್ತದೆ

ಹೋದ ಸಂಚಿಕೆಯಲ್ಲಿ ಆಟಿಸಂ (ಹುಟ್ಟಿನಿಂದಲೇ ಮಿದುಳು ಬೇರೆ ರೀತಿ ಬೆಳೆಯುವ ಸ್ಥಿತಿ) ಇರುವ ದೊಡ್ಡವರ ಬಗ್ಗೆ ಒಂದು ಸಣ್ಣ ಉತ್ತರ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಬಹುಪಾಲು ಮರೆವಿನದ್ದೇ. ಹಳೇದೆಲ್ಲ ಬಾಯಿಪಾಠ, ಈಗ ತಾನೇ ಹೇಳಿದ್ದು ಮಾತ್ರ ತಲೆಯಲ್ಲಿ ನಿಲ್ಲುವುದಿಲ್ಲ ಅನ್ನುವ ತಕರಾರು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದಲೇ ಜಾಸ್ತಿ ಬಂದಿವೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ, ಹೆಸರು ಬಿಟ್ಟಿದ್ದೇನೆ.

ಪ್ರಶ್ನೆ: ಅಕ್ಕಾರಿಗೆ ನಮಸ್ಕಾರ. ನನಗೆ 27 ವರ್ಷ. ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಮಷೀನ್ ಶಾಪ್‌ನಲ್ಲಿ ಸಿಎನ್‌ಸಿ (ಕಂಪ್ಯೂಟರಿನಿಂದ ನಡೆಯುವ ಲೋಹ ಕೊರೆಯುವ ಮಷೀನ್) ಆಪರೇಟರ್ ಆಗಿದ್ದೇನೆ. ನನಗೆ ಆಟಿಸಂ ಇದೆ ಅಂತ ಗೊತ್ತಾಗಿದ್ದು ಈಚೆಗೆ. ಬೆಳಗಾವಿಯಿಂದ ಗೋಕಾಕ, ಸವದತ್ತಿ, ಬೈಲಹೊಂಗಲ ಕಡೆ ಹೋಗುವ ಬಸ್ಸುಗಳ ಟೈಮ್ ಕೇಳಿ, ಹೇಳುತ್ತೇನೆ. ಆದರೆ ಸೂಪರ್‌ವೈಸರ್ ಒಮ್ಮೆಲೇ ನಾಲ್ಕು ಕೆಲಸ ಹೇಳುತ್ತಾರೆ. ಡ್ರಿಲ್ ಬದಲಿಸು, ಮೊದಲ ಪೀಸ್ ಕ್ವಾಲಿಟಿಯವರಿಗೆ ತೋರಿಸು, ಕೂಲಂಟ್ (ಟೂಲ್ ತಂಪು ಮಾಡುವ ದ್ರವ) ನೋಡು, ಊಟಕ್ಕೆ ಹೋಗುವ ಮುಂಚೆ ಸ್ಟೋರಿನಿಂದ ಇನ್ಸರ್ಟ್ (ಟೂಲಿನ ಕತ್ತರಿಸುವ ತುದಿ) ತಗೊಂಡು ಬಾ. ಅವರು ಹೇಳುವಾಗ ಎಲ್ಲಾ ತಿಳಿಯುತ್ತದೆ. ಮಷೀನ್ ಹತ್ತಿರ ಬರುವಷ್ಟರಲ್ಲಿ ಒಂದೇ ಉಳಿದಿರುತ್ತದೆ. ವಾಪಸ್ ಹೋಗಿ ಕೇಳಿದರೆ, "ಬಸ್ಸಿನ ಟೈಮ್ ನೆಪ್ಪ ಇರ್ತೈತಿ, ಕೆಲಸದ್ದ ಇರಂಗಿಲ್ಲ. ಬೇಕಂತ ಮಾಡ್ತಿಯಲ್ಲ?" ಅನ್ನುತ್ತಾರೆ. ಮನೆಯಲ್ಲೂ ಇದೇ ಮಾತು. ನನ್ನ ತಲೆ ಸರಿ ಇಲ್ಲವಾ? ಇದಕ್ಕೆ ಗುಳಿಗೆ ಇದೆಯಾ?

ಉತ್ತರ: ನಿಮ್ಮ ತಲೆ ಸರಿಯಾಗಿಯೇ ಇದೆ. ನೀವು ಬೇಕಂತ ಮಾಡುತ್ತಿಲ್ಲ ಅನ್ನುವುದನ್ನೂ ನಾನು ನಂಬುತ್ತೇನೆ. ಗುಳಿಗೆಯ ಮಾತು ಆಮೇಲೆ.

ಬಸ್ಸಿನ ಟೈಮ್ ನೆನಪಿರುವುದು, ನಾಲ್ಕು ಕೆಲಸ ಮರೆಯುವುದು ಎರಡನ್ನೂ ಜನ ಒಂದೇ ತಕ್ಕಡಿಗೆ ಹಾಕುತ್ತಾರೆ. ತಪ್ಪು ಆಗುವುದೇ ಅಲ್ಲಿ. ನಿಮ್ಮ ಮಷೀನ್ ಪಕ್ಕದ ಸಣ್ಣ ಹಲಗೆಯನ್ನೇ ನೋಡಿ. ಈಗ ಬೇಕಾದ ಸ್ಪ್ಯಾನರ್, ವರ್ನಿಯರ್, ಒಂದೆರಡು ಇನ್ಸರ್ಟ್ ಅಷ್ಟೇ ಅದರ ಮೇಲೆ ಹಿಡಿಸುತ್ತವೆ. ಇನ್ನೊಂದು ಇಟ್ಟರೆ ಒಂದು ಕೆಳಗೆ ಬೀಳುತ್ತದೆ. ಸ್ಟೋರ್ ರೂಮ್ ಎಷ್ಟು ದೊಡ್ಡದಿದ್ದರೂ ಈ ಹಲಗೆ ದೊಡ್ಡದಾಗುವುದಿಲ್ಲ, ಅಲ್ವಾ? ಬಸ್ಸಿನ ಟೈಮ್ ಇರುವುದು ನಿಮ್ಮ ಸ್ಟೋರಿನಲ್ಲಿ. ಸೂಪರ್‌ವೈಸರ್ ಹೇಳಿದ್ದು ಬಂದು ಬೀಳುವುದು ಹಲಗೆಯ ಮೇಲೆ. ಮನೋವಿಜ್ಞಾನದಲ್ಲಿ ಇದಕ್ಕೆ ವರ್ಕಿಂಗ್ ಮೆಮೊರಿ ಅನ್ನುತ್ತಾರೆ. ಕೆಲಸ ಮುಗಿಯುವ ತನಕ ವಿಷಯ ಹಿಡಿದಿಟ್ಟುಕೊಳ್ಳುವ ನೆನಪು ಅದು. 1974ರಲ್ಲಿ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಇದರ ನಕ್ಷೆ ಕೊಟ್ಟರು. ಕೇಳಿದ ಮಾತು ಇಟ್ಟುಕೊಳ್ಳಲು ಒಂದು ಜಾಗ, ಕಂಡದ್ದಕ್ಕೆ ಇನ್ನೊಂದು, ಎರಡರ ಮೇಲೂ ನಿಗಾ ಇಡುವ ಮೇಸ್ತ್ರಿಯಂಥದ್ದು ಒಂದು ಅಂತ.

ಈ ಜಾಗ ಯಾರಿಗೂ ದೊಡ್ಡದಿಲ್ಲ. ಒಮ್ಮೆಗೆ ಏಳರ ಆಸುಪಾಸು ವಿಷಯ ಹಿಡಿಸುತ್ತವೆ ಅಂತ 1956ರಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಬರೆದರು. 2001ರಲ್ಲಿ ನೆಲ್ಸನ್ ಕೋವನ್ ಎಲ್ಲಾ ಲೆಕ್ಕ ತೆಗೆದು, ನಾಲ್ಕರ ಹತ್ತಿರ ಅಂದರು. ಅಂದರೆ ನಿಮ್ಮ ಸೂಪರ್‌ವೈಸರ್ ಹೇಳುವ ನಾಲ್ಕು ಕೆಲಸ ಬೇರೆಯವರಿಗೂ ಅಂಚಿನಲ್ಲೇ ಇರುತ್ತದೆ. ಆಟಿಸಂ ಇರುವವರಲ್ಲಿ ಸರಾಸರಿ ತೆಗೆದರೆ ಈ ಜಾಗ ಇನ್ನೂ ಸ್ವಲ್ಪ ಇಕ್ಕಟ್ಟು ಅಂತ ಅಧ್ಯಯನಗಳಲ್ಲಿ ಕಾಣುತ್ತದೆ. ಎಲ್ಲರಿಗೂ ಹಾಗೇ ಅಂತ ಅಲ್ಲ. ಕೆಲವರಿಗೆ ಏನೂ ತೊಂದರೆ ಇರುವುದಿಲ್ಲ, ಕೆಲವರಿಗೆ ದಿನ ತಳ್ಳುವುದೇ ಕಷ್ಟ. ಇನ್ನು ಸ್ಟೋರಿನ ವಿಷಯಕ್ಕೆ ಬಂದರೆ, 1943ರಲ್ಲಿ ಮನೋವೈದ್ಯ ಲಿಯೋ ಕ್ಯಾನರ್ ಮೊದಲ ಸಲ ಆಟಿಸಂ ಇರುವ 11 ಮಕ್ಕಳ ಬಗ್ಗೆ ಬರೆದಾಗಲೇ ಅವರ ಬಾಯಿಪಾಠದ ಶಕ್ತಿ ನೋಡಿ ಬೆರಗಾಗಿದ್ದರು. ನಿಮ್ಮ ಬಸ್ಸಿನ ಟೈಮ್ ಆ ಸಾಲಿನದ್ದು. ಅದು ಇದೆ ಅಂದ ಮಾತ್ರಕ್ಕೆ ಇದೂ ಇರಲೇಬೇಕು ಅಂತ ಏನೂ ಇಲ್ಲ.

ನಿಮ್ಮ ಜಾಗವೂ ಸುಲಭದ್ದಲ್ಲ. ಮಷೀನಿನ ಸದ್ದು, ಕಂಪ್ರೆಸರ್ ಸದ್ದು, ಕೂಲಂಟ್ ವಾಸನೆ. ಬೆಳಗಾವಿ ಅಂದ ಮೇಲೆ ಸೂಪರ್‌ವೈಸರ್ ಒಂದು ಮಾತು ಮರಾಠಿ, ಒಂದು ಹಿಂದಿ, ಒಂದು ಕನ್ನಡ ಬೆರೆಸಿಯೇ ಹೇಳಿರುತ್ತಾರೆ. ಸದ್ದನ್ನು ತಡೆದುಕೊಳ್ಳಲು, ಮಾತು ತಿರುಗಿಸಿಕೊಳ್ಳಲು, ಅವರ ಮುಖದಲ್ಲಿ ಸಿಟ್ಟಿದೆಯಾ ಇಲ್ಲವಾ ನೋಡಲು ಅದೇ ಸಣ್ಣ ಜಾಗ ಖರ್ಚಾಗುತ್ತದೆ. ಆಮೇಲೆ ಮಷೀನ್ ತನಕ ನಡೆದು ಬರುವಾಗ ಯಾರೋ "ಏ, ಚಹಾ ಆತೇನ?" ಅಂದರೆ ಮುಗಿಯಿತು.

ಇಂಥವರಿಗೆ ಎಲ್ಲರೂ ಕೊಡುವ ಬುದ್ಧಿಮಾತು ಒಂದೇ: "ಸ್ವಲ್ಪ ಲಕ್ಷ್ಯ ಕೊಟ್ಟು ಕೇಳು." ನನಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಲಕ್ಷ್ಯ ಕೊಟ್ಟೇ ಕೇಳಿರುತ್ತಾನೆ ಮನುಷ್ಯ. ಕೇಳಿದ್ದು ಉಳಿಯುವುದಿಲ್ಲ ಅಷ್ಟೇ. ಇನ್ನಷ್ಟು ಲಕ್ಷ್ಯ ಕೊಡಲು ಹೋದರೆ ಅದಕ್ಕೂ ಅದೇ ಜಾಗ ಬೇಕು.

ಹಾಗಾಗಿ ನನ್ನ ಸಲಹೆ: ಜ್ಞಾಪಕ ಬೆಳೆಸುವ ಸಾಹಸ ಬಿಡಿ, ವಿಷಯವನ್ನು ತಲೆಯಿಂದ ಹೊರಗೆ ಇಡಿ. ನಿಮ್ಮ ಶಾಪ್‌ನಲ್ಲಿ ಇದು ಹೊಸದೂ ಅಲ್ಲ. 0.02 ಎಂಎಂ ಟಾಲರೆನ್ಸನ್ನು (ಅಳತೆಯಲ್ಲಿ ನಡೆಯುವ ವ್ಯತ್ಯಾಸ) ಯಾರಾದರೂ ಬಾಯಿಪಾಠ ಮಾಡು ಅಂತಾರಾ? ಡ್ರಾಯಿಂಗ್ ಇರುತ್ತದೆ, ಜಾಬ್ ಕಾರ್ಡ್ ಇರುತ್ತದೆ, ಇನ್ಸ್‌ಪೆಕ್ಷನ್ ರಿಪೋರ್ಟ್ ಇರುತ್ತದೆ. ಎಲ್ಲಾ ಕಾಗದದ ಮೇಲಿದೆ. ಬಾಯಲ್ಲಿ ಬರುವ ಈ ಚಿಲ್ಲರೆ ಕೆಲಸಗಳು ಮಾತ್ರ ಕಾಗದಕ್ಕೆ ಇಳಿದಿಲ್ಲ. ಅವನ್ನೂ ಇಳಿಸಿ.

ಕೈಗೆ ಎಣ್ಣೆ ಇರುತ್ತದೆ, ಡೈರಿ ಹಾಳಾಗುತ್ತದೆ, ಗೊತ್ತು. ಮಷೀನಿನ ಪಕ್ಕದ ತಗಡಿನ ಮೇಲೆ ಮಾರ್ಕರಿನಿಂದ ಬರೆಯಿರಿ, ಕೆಲಸ ಆದ ಮೇಲೆ ಚಿಂದಿಯಿಂದ ಒರೆಸಿ. ಎಷ್ಟೋ ಆಪರೇಟರ್‌ಗಳು ಆಫ್‌ಸೆಟ್ (ಟೂಲಿನ ಅಳತೆಗೆ ಮಷೀನಿಗೆ ಕೊಡುವ ಲೆಕ್ಕ) ನಂಬರನ್ನು ಹೀಗೇ ಗೀಚಿಟ್ಟುಕೊಳ್ಳುತ್ತಾರೆ, ಯಾರೂ ನಗುವುದಿಲ್ಲ. ಆದರೆ ಅಲ್ಲಿಗೆ ಬಂದು ಬರೆಯೋಣ ಅಂದುಕೊಳ್ಳಬೇಡಿ. ಬರುವಷ್ಟರಲ್ಲೇ ಹೋಗುತ್ತದೆ ಅಂತ ನೀವೇ ಬರೆದಿದ್ದೀರಿ. ಅವರು ಹೇಳುವಾಗಲೇ ಜೇಬಿನಿಂದ ಚೀಟಿ ತೆಗೆಯಿರಿ. "ಒಂದ್ ನಿಮಿಷ ಸರ್, ಬರ್ಕೋತೀನಿ" ಅನ್ನಿ. ಪೂರ್ತಿ ವಾಕ್ಯ ಬೇಡ. ಡ್ರಿಲ್, ಪೀಸ್, ಕೂಲಂಟ್, ಇನ್ಸರ್ಟ್. ಬರೆದು ಅವರಿಗೆ ಓದಿ ಹೇಳಿ. ಇದರಿಂದ ಇನ್ನೊಂದು ಲಾಭವಿದೆ. ಅವರು ಮೂರೇ ಹೇಳಿ ನಾಲ್ಕು ಹೇಳಿದ್ದೆ ಅನ್ನುವ ಪ್ರಸಂಗವೂ ತಪ್ಪುತ್ತದೆ. (ಅದೂ ಆಗುತ್ತದೆ. ಅವರದೂ ಸಣ್ಣ ಹಲಗೆಯೇ.)

ನಡುವೆ ಯಾರಾದರೂ ಕರೆದರೆ, ಹೋಗುವ ಮುಂಚೆ ಒಂದೇ ಒಂದು ಶಬ್ದ ಬರೆದಿಟ್ಟು ಹೋಗಿ. ಆದದ್ದನ್ನು ಬರೆಯಬೇಡಿ, ವಾಪಸ್ ಬಂದು ಮೊದಲು ಮಾಡಬೇಕಾದದ್ದನ್ನು ಬರೆಯಿರಿ. ಬೋಲ್ಟ್ ಬಿಗಿ ಮಾಡುವುದು ಬಾಕಿ ಇದ್ದರೆ "ಬಿಗಿ" ಅಂತ. ಸಿಎನ್‌ಸಿಯಲ್ಲಿ ಇದು ಬರೀ ಅನುಕೂಲದ ಮಾತಲ್ಲ. ಟೂಲ್ ಬದಲಿಸಿ ಆಫ್‌ಸೆಟ್ ಹಾಕದೆ ಸ್ಟಾರ್ಟ್ ಒತ್ತಿದರೆ ಏನಾಗುತ್ತದೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

"ಊಟಕ್ಕೆ ಹೋಗುವ ಮುಂಚೆ" ಅನ್ನುವ ಕೆಲಸ ಬೇರೆ ಜಾತಿಯದು. ಇಂಥ ಹೊತ್ತಿಗೆ ಇಂಥದ್ದು ಮಾಡಬೇಕು ಅಂತ ನೆನಪಿಟ್ಟುಕೊಳ್ಳುವುದು ಆಟಿಸಂ ಇರುವ ಹಲವರಿಗೆ ಹೆಚ್ಚು ಕಷ್ಟ ಅಂತ ಅಧ್ಯಯನಗಳೂ ಹೇಳುತ್ತವೆ. ಗಡಿಯಾರಕ್ಕಿಂತ ಕಣ್ಣಿಗೆ ಕಾಣುವ ವಸ್ತು ನೆನಪಿಸಿದರೆ ಸಲೀಸು. ಖಾಲಿಯಾದ ಇನ್ಸರ್ಟ್ ಡಬ್ಬಿಯನ್ನು ನಿಮ್ಮ ಬುತ್ತಿಯ ಚೀಲದ ಮೇಲೆ ಇಡಿ. ರೊಟ್ಟಿ ತೆಗೆಯಲು ಹೋದಾಗ ಡಬ್ಬಿ ಕೈಗೆ ಸಿಗುತ್ತದೆ. ಅಲಾರಂ ಇಟ್ಟರೆ ಬರೀ ಗಂಟೆ ಸಾಲದು. ಗಂಟೆ ಹೊಡೆದಾಗ "ಇದು ಯಾತಕ್ಕೆ ಇಟ್ಟಿದ್ದೆ?" ಅಂತ ತಲೆ ಕೆರೆದುಕೊಳ್ಳುವಂತಾಗುತ್ತದೆ. ಅಲಾರಂ ಹೆಸರಿನ ಜಾಗದಲ್ಲಿ "ಸ್ಟೋರ್, ಇನ್ಸರ್ಟ್" ಅಂತ ಬರೆಯಿರಿ.

ಸೂಪರ್‌ವೈಸರ್‌ಗೆ ಆಟಿಸಂ ಬಗ್ಗೆ ಹೇಳಬೇಕಾ? ಅದು ನಿಮ್ಮ ಇಷ್ಟ. ಹೇಳದೆಯೂ ಕೆಲಸ ಆಗುತ್ತದೆ: "ಸರ್, ಬಾಯಿಲೆ ಹೇಳಿದ್ದು ನನಗ ನಿಲ್ಲಂಗಿಲ್ಲ, ವಾಟ್ಸ್ಯಾಪ್ ಹಾಕ್ರಿ, ಒಂದೂ ಬಿಡಂಗಿಲ್ಲ." ಕೆಲಸ ತಪ್ಪಿದ ದಿನ ಇದನ್ನು ಹೇಳಬೇಡಿ, ನೆಪ ಅಂದುಕೊಳ್ಳುತ್ತಾರೆ. ಎಲ್ಲಾ ಸರಿ ನಡೆದ ದಿನ ಹೇಳಿ.

ಈಗ ಗುಳಿಗೆ. ಆಟಿಸಂನ ಮರೆವಿಗೆ ಅಂತ ಯಾವ ಗುಳಿಗೆಯೂ ಇಲ್ಲ. ಇದೆ ಅಂದವರ ಹತ್ತಿರ ಹೋಗಬೇಡಿ. ಆದರೆ ಆಟಿಸಂ ಜೊತೆಗೆ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ಸ್ಥಿತಿ) ಇರುವುದು ಬಹಳ ಸಾಮಾನ್ಯ. ಎರಡನ್ನೂ ಒಟ್ಟಿಗೆ ಗುರುತಿಸಬಹುದು ಅಂತ ಅಮೆರಿಕದ ಮನೋವೈದ್ಯರ ಕೈಪಿಡಿ ಒಪ್ಪಿದ್ದೇ 2013ರಲ್ಲಿ, ಹಾಗಾಗಿ ಹಳೆಯ ತಪಾಸಣೆಗಳಲ್ಲಿ ಬಿಟ್ಟುಹೋದದ್ದು ಇರುತ್ತದೆ. ಎಡಿಎಚ್‌ಡಿಗೆ ಔಷಧ ಇದೆ, ಕೆಲವರಿಗೆ ಚೆನ್ನಾಗಿ ನೆರವಾಗುತ್ತದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ಹತ್ತಿರ. ಹೋದಾಗ ಈ ಒಂದು ಪ್ರಶ್ನೆ ಬರೆದುಕೊಂಡು ಹೋಗಿ ಕೇಳಿ.

ಪ್ರಶ್ನೆ: ಬಾಗಲಕೋಟೆಯ ನವನಗರದಿಂದ ಬರೆಯುತ್ತಿದ್ದೇನೆ. ಮಗಳಿಗೆ 11 ವರ್ಷ, ಆಟಿಸಂ ಇದೆ, ಆರನೇ ಕ್ಲಾಸು. ವಿಜಯಪುರದಿಂದ ಗದಗಿನ ತನಕ ರೈಲು ಸ್ಟೇಷನ್ನುಗಳನ್ನು ಪಟಪಟ ಹೇಳುತ್ತಾಳೆ. ಹತ್ತಾರು ವಚನ ಬರುತ್ತವೆ. ಆದರೆ ಬೋರ್ಡಿನ ಮೇಲಿನದನ್ನು ಬರೆದುಕೊಳ್ಳಲು ಬರುವುದಿಲ್ಲ, ಅರ್ಧಕ್ಕೇ ಬಿಡುತ್ತಾಳೆ. ಬಾಯಿಲೆಕ್ಕದಲ್ಲಿ ದಶಕ ಮರೆಯುತ್ತಾಳೆ. ಶಾಲೆಯಲ್ಲಿ ಏನಾಯಿತು ಅಂದರೆ "ಗೊತ್ತಿಲ್ಲ" ಅನ್ನುತ್ತಾಳೆ. ಟ್ಯೂಷನ್ ಟೀಚರ್ ಬಾದಾಮಿ ಕೊಡಿ, ಮೊಬೈಲಿನಲ್ಲಿ ಮೆಮೊರಿ ಗೇಮ್ ಆಡಿಸಿ ಅನ್ನುತ್ತಾರೆ. ನಮ್ಮ ಅತ್ತೆ ಇದೆಲ್ಲ ಮೊಂಡತನ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಬಾದಾಮಿ ಕೊಡಿ, ತಿನ್ನಲು ಚೆನ್ನಾಗಿರುತ್ತದೆ. ದಶಕಕ್ಕೂ ಅದಕ್ಕೂ ಸಂಬಂಧ ಇಲ್ಲ. ಮೆಮೊರಿ ಗೇಮ್ ಆಡಿದರೆ ಮಕ್ಕಳು ಆ ಗೇಮಿನಲ್ಲಿ ಹುಷಾರಾಗುತ್ತಾರೆ. ಅದು ಲೆಕ್ಕಕ್ಕೆ, ಓದಿಗೆ ಇಳಿದು ಬರುವುದು ಕಾಣಿಸಿಲ್ಲ ಅಂತ ಇಂಥ ತರಬೇತಿಗಳನ್ನು ಪರೀಕ್ಷಿಸಿದವರು ಮತ್ತೆ ಮತ್ತೆ ಹೇಳಿದ್ದಾರೆ. ಆ ಗೇಮಿಗೆ ವರ್ಷದ ಚಂದಾ ಕಟ್ಟುವ ದುಡ್ಡಿದ್ದರೆ ಮಗಳನ್ನು ಒಂದು ಸಲ ಆಲಮಟ್ಟಿಗೆ ರೈಲಿನಲ್ಲಿ ಕರೆದುಕೊಂಡು ಹೋಗಿ, ಖುಷಿಪಡುತ್ತಾಳೆ.

ಬೋರ್ಡಿನಿಂದ ಬರೆದುಕೊಳ್ಳುವುದು ನಮಗೆ ಸುಲಭ ಅನಿಸುತ್ತದೆ. ಏನೇನು ನಡೆಯುತ್ತದೆ ನೋಡಿ. ತಲೆ ಎತ್ತಬೇಕು, ಬಿಟ್ಟ ಸಾಲು ಹುಡುಕಬೇಕು, ಮೂರು ನಾಲ್ಕು ಶಬ್ದ ಹಿಡಿದಿಟ್ಟುಕೊಳ್ಳಬೇಕು, ತಲೆ ತಗ್ಗಿಸಬೇಕು, ಪುಸ್ತಕದಲ್ಲಿ ಜಾಗ ಹುಡುಕಬೇಕು, ಅಕ್ಷರ ಮೂಡಿಸಬೇಕು. ಅಷ್ಟರಲ್ಲಿ ಎರಡನೇ ಶಬ್ದ ಹೋಗಿರುತ್ತದೆ. ಮತ್ತೆ ತಲೆ ಎತ್ತಿದರೆ ಟೀಚರ್ ಅಳಿಸುತ್ತಿರುತ್ತಾರೆ. ಒಂದು ವಾಕ್ಯಕ್ಕೆ ಹತ್ತು ಸಲ ಹೀಗೆ ಮಾಡಿದರೆ ಯಾರಾದರೂ ಅರ್ಧಕ್ಕೇ ಬಿಡುತ್ತಾರೆ. ಮೊಂಡತನದ ಮಾತೇ ಇಲ್ಲ ಇಲ್ಲಿ.

ಶಾಲೆಗೆ ಹೋಗಿ ಒಂದೇ ವಿಷಯ ಕೇಳಿ: ಬೋರ್ಡಿನದನ್ನು ಅವಳ ಡೆಸ್ಕಿನ ಮೇಲೆ ಕೊಡಿ. ಟೀಚರ್ ನೋಟ್ಸಿನ ಜೆರಾಕ್ಸ್ ಆದರೂ ಸರಿ, ಪಕ್ಕದವಳ ಪುಸ್ತಕದ ಫೋಟೋ ಆದರೂ ಸರಿ. ಬರೆಯುವ ರೂಢಿ ಬೇಕು ಅಂದರೆ ಪಕ್ಕದಲ್ಲೇ ಇಟ್ಟುಕೊಂಡು ನೋಡಿ ಬರೆಯಲಿ. ಲೆಕ್ಕದಲ್ಲಿ ದಶಕವನ್ನು ಮೇಲೆ ಬರೆಯಲು ಬಿಡಿ, ಎಷ್ಟನೇ ಕ್ಲಾಸಿಗೆ ಹೋದರೂ. "ಆರನೇತ್ತಾ ಆದ್ರೂ ಇನ್ನ ದಶಕ ಮ್ಯಾಲ ಬರೀತಿ" ಅಂತ ಹಂಗಿಸುವ ಟೀಚರ್‌ಗಳಿದ್ದಾರೆ. ಹಂಗಿಸಿದರೆ ಹಂಗಿಸಲಿ, ಉತ್ತರ ಸರಿ ಬರುತ್ತದಲ್ಲ. ಸಂಖ್ಯೆಗಳನ್ನು ಹೇಳಿದ ಹಾಗೇ ವಾಪಸ್ ಹೇಳು ಅಂದರೆ ಇಂಥ ಎಷ್ಟೋ ಮಕ್ಕಳು ಹೇಳುತ್ತಾರೆ. ಉಲ್ಟಾ ಹೇಳು, ಕೂಡಿಸಿ ಹೇಳು ಅಂದಾಗ ಜಾರುತ್ತದೆ. ಹಿಡಿದುಕೊಳ್ಳುವುದು, ಅದರ ಮೇಲೆ ಕೆಲಸ ಮಾಡುವುದು ಎರಡೂ ಒಟ್ಟಿಗೆ ಬಂದಾಗಲೇ ಪೇಚಾಟ. ಬಾಯಿಲೆಕ್ಕ ಅಂದರೆ ಪೂರ್ತಿ ಅದೇ.

"ಶಾಲೆಯಲ್ಲಿ ಏನಾಯಿತು?" ಅನ್ನುವ ಪ್ರಶ್ನೆ ಬಿಡಿ. ಅದು ತುಂಬಾ ದೊಡ್ಡದು. ಇಡೀ ದಿನವನ್ನು ಅವಳೇ ಹುಡುಕಿ, ಆರಿಸಿ, ಜೋಡಿಸಿ ಹೇಳಬೇಕು. ಲಂಡನ್ನಿನ ಡರ್ಮಟ್ ಬೌಲರ್ ಅನ್ನುವ ಸಂಶೋಧಕರು ಬಹಳ ವರ್ಷ ಇದನ್ನೇ ನೋಡಿದವರು. ಸುಮ್ನೆ "ನೆನಪಿದ್ದದ್ದು ಹೇಳು" ಅಂದಾಗ ಆಟಿಸಂ ಇರುವವರು ಹಿಂದೆ ಬೀಳುತ್ತಾರೆ, ಒಂದು ಸುಳಿವು ಕೊಟ್ಟರೆ ಆ ಅಂತರ ಬಹಳಷ್ಟು ಕಡಿಮೆಯಾಗುತ್ತದೆ ಅನ್ನುವುದು ಅವರಿಗೆ ಕಂಡದ್ದು. ಅಂದರೆ ನೆನಪು ಒಳಗಿದೆ, ಹಿಡಿದು ಎಳೆಯಲು ತುದಿ ಬೇಕು. ಬುತ್ತಿ ಡಬ್ಬಿ ತೆಗೆದು ಕೇಳಿ: "ಚಪಾತಿ ಒಂದ ಉಳದೈತಿ. ಯಾರ ಬಾಜೂ ಕುಂತಿದ್ದಿ?" ಟೈಮ್‌ಟೇಬಲ್ ಮುಂದಿಟ್ಟು, "ಮೂರನೇ ಪಿರಿಯಡ್ ವಿಜ್ಞಾನ, ಟೀಚರ್ ಬಂದಿದ್ರಾ?" ಅನ್ನಿ. ಒಂದು ಪ್ರಶ್ನೆ, ಆಮೇಲೆ ಕಾಯುವುದು. ಉತ್ತರ ತಡವಾಗಿ ಬರುತ್ತದೆ. ನಡುವೆ ಇನ್ನೊಂದು ಪ್ರಶ್ನೆ ಹಾಕಿದರೆ ಮೊದಲನೆಯದೂ ಹೋಗುತ್ತದೆ. ನಮ್ಮ ಕಡೆ ಮನೆ ತುಂಬ ಜನ, ಬಾಗಿಲಿಗೆ ಬಂದ ಕೂಡಲೇ ಆಯಿ ಒಂದು ಕೇಳುತ್ತಾರೆ, ಕಾಕಾ ಒಂದು ಕೇಳುತ್ತಾರೆ. ಆ ಗದ್ದಲದಲ್ಲಿ ನಾನಾದರೂ "ಗೊತ್ತಿಲ್ಲ" ಅಂದು ಒಳಗೆ ಹೋಗುತ್ತೇನೆ.

ಒಂದು ಎಚ್ಚರಿಕೆ. ಅವಳು ಬರೆಯುವಾಗ, ಮಾತಾಡುವಾಗ ನಡುವೆಯೇ ಕೆಲ ಸೆಕೆಂಡು ಸ್ತಬ್ಧವಾಗಿ ಎಲ್ಲೋ ನೋಡುವುದು, ಕರೆದರೂ ಮುಟ್ಟಿದರೂ ತಿಳಿಯದಿರುವುದು ಇದ್ದರೆ ಮೊಬೈಲಿನಲ್ಲಿ ವಿಡಿಯೋ ಮಾಡಿ ವೈದ್ಯರಿಗೆ ತೋರಿಸಿ. ಆಟಿಸಂ ಇರುವವರಲ್ಲಿ ಫಿಟ್ಸ್ ಬೇರೆಯವರಿಗಿಂತ ಬಹಳ ಹೆಚ್ಚು. ಕೈಕಾಲು ಬಡಿಯದ ಫಿಟ್ಸ್ ಕೂಡ ಇರುತ್ತದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳಿಗೆ ಅಂತ ಶೀಘ್ರ ಪತ್ತೆ ಮತ್ತು ಚಿಕಿತ್ಸೆಯ ಕೇಂದ್ರ ಇರುತ್ತದೆ, ಡಿಇಐಸಿ ಎಲ್ಲಿ ಅಂತ ಕೇಳಿ. 18 ವರ್ಷದ ತನಕ ಅಲ್ಲಿ ನೋಡುತ್ತಾರೆ.

ಪ್ರಶ್ನೆ: ನಾನು ನಿವೃತ್ತ ಮಾಸ್ತರ, ರಬಕವಿ. ನಮ್ಮ ಕಾಲದಲ್ಲಿ ಇಂಥ ರೋಗಗಳೇ ಇರಲಿಲ್ಲ. ಎರಡು ಬಿಗಿದರೆ ಎಲ್ಲಾ ನೆನಪಿರುತ್ತಿತ್ತು. ಈಗ ಎಲ್ಲದಕ್ಕೂ ಒಂದು ಹೆಸರು. ನಿಮ್ಮ ಅಭಿಪ್ರಾಯ?

ಉತ್ತರ: ಗುರುಗಳೇ, ಆ ಹುಡುಗರು ಆಗಲೂ ಇದ್ದರು. ಎರಡು ಬಿಗಿದ ಮೇಲೂ ನೆನಪಿರದವರು ಶಾಲೆ ಬಿಟ್ಟು ಮಗ್ಗಕ್ಕೋ ಹೊಲಕ್ಕೋ ಹೋದರು, ನಿಮ್ಮ ಹಾಜರಿ ಪುಸ್ತಕದಿಂದ ಹೆಸರು ಹೋಯಿತು. ಹೆದರಿಕೆ ಬಂದರೆ ಆ ಹೊತ್ತಿನ ನೆನಪು ಇನ್ನೂ ಕಡಿಮೆಯಾಗುತ್ತದೆ, ಇದು ಆಟಿಸಂ ಇಲ್ಲದವರಿಗೂ ಅನ್ವಯಿಸುತ್ತದೆ. ಇನ್ನು ಆಟಿಸಂ ರೋಗವೂ ಅಲ್ಲ. ನಿಮ್ಮ ಪತ್ರಕ್ಕೆ ನಮಸ್ಕಾರ.

ಪ್ರಶ್ನೆ: ವಿಜಯಪುರದಿಂದ. ಮದುವೆಯಾಗಿ ಆರು ವರ್ಷ. ನಮ್ಮವರಿಗೆ ಆಟಿಸಂ ಇದೆ ಅಂತ ಮದುವೆಯಾದ ಮೇಲೆ ತಿಳಿಯಿತು. ಒಳ್ಳೆಯ ಮನುಷ್ಯ. ಆದರೆ ಹಾಲು ಒಲೆಯ ಮೇಲಿಟ್ಟು ಮರೆಯುತ್ತಾರೆ. ಮಾರ್ಕೆಟ್ಟಿಗೆ ಹೋದಾಗ ಫೋನ್ ಮಾಡಿ ಇನ್ನೆರಡು ಸಾಮಾನು ಹೇಳಿದರೆ ಮೊದಲಿನದೂ ಬರುವುದಿಲ್ಲ. ಜಗಳದಲ್ಲಿ ನಾನು ಹೇಳಿದ ಮಾತು ಮರುದಿನ ನೆನಪೇ ಇಲ್ಲ ಅನ್ನುತ್ತಾರೆ. ಮನೆಯ ಎಲ್ಲಾ ನೆನಪೂ ನಾನೇ ಇಟ್ಟುಕೊಂಡು ಸಾಕಾಗಿದೆ.

ಉತ್ತರ: ನಿಮ್ಮ ಕೊನೆಯ ವಾಕ್ಯದಿಂದಲೇ ಶುರು ಮಾಡುತ್ತೇನೆ. ನೀವು ಅವರ ಜ್ಞಾಪಕ ಆಗಬೇಡಿ. ನೆನಪಿಸುವುದು, ಅವರು ಮರೆಯುವುದು, ನೀವು ಮತ್ತೆ ನೆನಪಿಸುವುದು, ಅವರಿಗೆ ಅವಮಾನ, ನಿಮಗೆ ಸಿಟ್ಟು. ಇದು ನಡೆದಷ್ಟು ದಿನ ಇಬ್ಬರಿಗೂ ನೆಮ್ಮದಿ ಇಲ್ಲ. ಗೋಡೆಯ ಕ್ಯಾಲೆಂಡರ್ ಇದೆಯಲ್ಲ, ಅದನ್ನು ಅಡುಗೆಮನೆಯ ಬಾಗಿಲ ಹತ್ತಿರ ತನ್ನಿ. ಕರೆಂಟ್ ಬಿಲ್ಲು, ಸಿಲಿಂಡರ್, ಮದುವೆ ಮುಂಜಿ ಎಲ್ಲಾ ಅಲ್ಲಿಗೆ. ಬರೆಯುವುದು ಅವರ ಕೈಯಲ್ಲೇ ಆಗಲಿ. ಬೆಳಿಗ್ಗೆ ಚಹಾ ಕುಡಿಯುವಾಗ ಅದನ್ನು ನೋಡುವುದೂ ಅವರದೇ ಕೆಲಸ. ಚಹಾ ಅಂತೂ ಮರೆಯುವುದಿಲ್ಲ ತಾನೇ, ಅದಕ್ಕೇ ಇದನ್ನು ಕಟ್ಟಿಹಾಕಿ.

ಮಾರ್ಕೆಟ್ಟಿಗೆ ಹೋದವರಿಗೆ ಫೋನ್ ಮಾಡಲೇಬೇಡಿ. ಸಂತೆಯ ಗದ್ದಲದಲ್ಲಿ ಮಾತಿನಲ್ಲಿ ಹೇಳಿದ್ದು ಉಳಿಯುವುದಿಲ್ಲ. ಮೆಸೇಜ್ ಹಾಕಿ. ಮೊದಲಿನ ಪಟ್ಟಿಯನ್ನೂ ಸೇರಿಸಿ ಪೂರ್ತಿ ಮತ್ತೆ ಹಾಕಿ, ಎರಡು ಕಡೆ ನೋಡುವ ತಾಪತ್ರಯ ಬೇಡ.

ಹಾಲಿಗೆ ಸೀಟಿ ಹೊಡೆಯುವ ಹಾಲಿನ ಕುಕ್ಕರ್ ಸಿಗುತ್ತದೆ, ತನ್ನಿ. ಟೈಮರ್ ಇರುವ ಇಂಡಕ್ಷನ್ ಒಲೆ ಇನ್ನೂ ಒಳ್ಳೆಯದು, ತಾನಾಗಿಯೇ ಆರುತ್ತದೆ. ಗ್ಯಾಸಿನ ವಿಷಯದಲ್ಲಿ "ನೆನಪಿಟ್ಟುಕೊಳ್ಳಿ" ಅನ್ನುವುದರ ಮೇಲೆ ಭರವಸೆ ಇಡಬಾರದು. ಒಲೆ ಹಚ್ಚಿದವರು ಅಡುಗೆಮನೆ ಬಿಟ್ಟು ಕದಲಬಾರದು. ಈ ನಿಯಮ ಮನೆಯವರೆಲ್ಲರಿಗೂ ಇರಲಿ, ಅವರೊಬ್ಬರಿಗೇ ಮಾಡಿದರೆ ಸಣ್ಣ ಹುಡುಗನಿಗೆ ಮಾಡಿದ ಹಾಗಾಗುತ್ತದೆ.

ಜಗಳದ ಮಾತು ಸ್ವಲ್ಪ ಕಷ್ಟದ್ದು. ನಿಮ್ಮ ದನಿ ಏರಿದಾಗ ಅವರ ತಲೆ ಆ ದನಿಯನ್ನು ತಡೆದುಕೊಳ್ಳುವುದರಲ್ಲೇ ಮುಗಿದುಹೋಗುತ್ತದೆ. ಮಾತು ಒಳಗೆ ಇಳಿದೇ ಇರುವುದಿಲ್ಲ, ಹಾಗಾಗಿ ಮರುದಿನ ಇರುವುದಿಲ್ಲ. ಸುಳ್ಳು ಹೇಳುತ್ತಿದ್ದಾರೆ ಅಂತ ಅಂದುಕೊಳ್ಳಬೇಡಿ. ಆದರೆ ಅವರಿಗೆ ನೆನಪಿಲ್ಲ ಅಂದ ಮಾತ್ರಕ್ಕೆ ನೀವು ಹೇಳಿದ್ದು ಹೇಳಿಯೇ ಇಲ್ಲ ಅಂತ ಆಗುವುದಿಲ್ಲ. ನಿಮಗೆ ನಿಜವಾಗಿ ಮುಖ್ಯವಾದ ಮಾತನ್ನು ಮರುದಿನ ನಾಲ್ಕು ಸಾಲು ಬರೆದು ಕೊಡಿ, ಒಂದು ಚೀಟಿಗೆ ಒಂದೇ ವಿಷಯ. ಉತ್ತರವನ್ನೂ ಬರೆದೇ ಕೊಡಲಿ. ಗಂಡ ಹೆಂಡತಿ ಒಂದೇ ಮನೆಯಲ್ಲಿದ್ದು ಪತ್ರ ಬರೆಯುವುದೇನು ಅಂತ ಅತ್ತೆ ನಗಬಹುದು. ನಗಲಿ.

ಪ್ರಶ್ನೆ: ಜಮಖಂಡಿ, ವಯಸ್ಸು 46. ನನಗೂ ಆಟಿಸಂ ಇದೆ. ಮೊದಲಿಂದಲೂ ಮರೆವು ಇತ್ತು, ಈಗ ವರ್ಷದಿಂದ ಬಹಳ ಆಗಿದೆ. ಇದು ಮುಂದೆ ಮರೆಗುಳಿ ರೋಗ ಆಗುತ್ತದಾ?

ಉತ್ತರ: ಚಿಕ್ಕಂದಿನಿಂದ ಇರುವ ಮರೆವು ಡಿಮೆನ್ಷಿಯಾ ಅಲ್ಲ. ಆದರೆ "ವರ್ಷದಿಂದ ಬಹಳ ಆಗಿದೆ" ಅನ್ನುವುದನ್ನು ಆಟಿಸಂ ಲೆಕ್ಕಕ್ಕೆ ಹಾಕಿ ಸುಮ್ಮನಿರಬೇಡಿ. ಹೊಸದಾಗಿ ಹೆಚ್ಚಾದದ್ದಕ್ಕೆ ಹೊಸ ಕಾರಣ ಇರುತ್ತದೆ. ಬಿ12 ಕೊರತೆ, ಥೈರಾಯಿಡ್, ನಿದ್ದೆ ಸರಿ ಇಲ್ಲದಿರುವುದು, ಜೋರಾಗಿ ಗೊರಕೆ ಹೊಡೆದು ಉಸಿರು ಕಟ್ಟುವುದು, ಖಿನ್ನತೆ, ನೀವು ತಗೊಳ್ಳುವ ಬೇರೆ ಗುಳಿಗೆಗಳು, ಇವೆಲ್ಲ ನೆನಪು ಕೆಡಿಸುತ್ತವೆ, ಮತ್ತು ಬಹುತೇಕ ಸರಿಹೋಗುವಂಥವು. ರಕ್ತಪರೀಕ್ಷೆಯಿಂದ ಶುರು ಮಾಡಿ. ಮಾಂಸ ಮೊಟ್ಟೆ ತಿನ್ನದವರಾದರೆ ಬಿ12 ಮೊದಲು. ಆಟಿಸಂ ಇರುವವರು ವರ್ಷಗಟ್ಟಲೆ ಎಲ್ಲರಂತೆ ನಟಿಸಿ ದಣಿದಾಗಲೂ ಹೀಗಾಗುತ್ತದೆ, ಮಾತು ಕೂಡ ಕಡಿಮೆಯಾಗುತ್ತದೆ. ಮನಸ್ಸು ಭಾರ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಮಾಡುವ ಮುಂಚೆ ಹೇಳಬೇಕಾದ ಮೂರು ವಿಷಯ ಬರೆದಿಟ್ಟುಕೊಳ್ಳಿ, ಆ ಕಡೆಯವರು ಪ್ರಶ್ನೆ ಕೇಳಿದಾಗ ಹಾರಿಹೋಗದಿರಲಿ.

ಪ್ರಶ್ನೆ: ಇಳಕಲ್. ಮಗ ಹತ್ತನೇತ್ತೆಗೆ ಬರುತ್ತಾನೆ, ಆಟಿಸಂ. ಸರ್ಟಿಫಿಕೇಟ್ ಮಾಡಿಸಿದರೆ ಪರೀಕ್ಷೆಯಲ್ಲಿ ಹೆಚ್ಚು ಟೈಮ್ ಸಿಗುತ್ತದಾ? ಮರೆವಿಗೆ ಅಂತ ಸರ್ಟಿಫಿಕೇಟ್ ಕೊಡುತ್ತಾರಾ?

ಉತ್ತರ: ಮರೆವಿಗೆ ಬೇರೆ ಸರ್ಟಿಫಿಕೇಟ್ ಇಲ್ಲ, ಆಟಿಸಂಗೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಸೇರಿದೆ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಆನ್‌ಲೈನ್ ಅರ್ಜಿ ಹಾಕಬೇಕು, ಆಮೇಲೆ ಸರ್ಕಾರಿ ಆಸ್ಪತ್ರೆಯವರು ಕರೆದು ನೋಡುತ್ತಾರೆ. ನಮ್ಮ ದೇಶದಲ್ಲಿ ಇದಕ್ಕೆ ಐಎಸ್‌ಎಎ ಅನ್ನುವ 40 ಪ್ರಶ್ನೆಗಳ ಅಳತೆ ಬಳಸುತ್ತಾರೆ. ತಮಾಷೆ ಅಂದರೆ, ಅದರಲ್ಲಿ ಅಸಾಮಾನ್ಯ ನೆನಪಿನ ಶಕ್ತಿ ಇದೆಯಾ ಅಂತ ಕೇಳುವ ಪ್ರಶ್ನೆ ಇದೆ. ಹಾಗಾಗಿ ಅವನ ದಿನದ ಮರೆವುಗಳನ್ನು, ಅದರಿಂದ ಏನೇನು ತೊಂದರೆ ಅನ್ನುವುದನ್ನು ನೀವೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ಹೇಳಬೇಕು, ಅವರಾಗಿ ಕೇಳುತ್ತಾರೆ ಅಂತ ಕಾಯಬೇಡಿ.

ಅಂಗವೈಕಲ್ಯ ಶೇ. 40 ಅಥವಾ ಹೆಚ್ಚು ಅಂತ ಬಂದರೆ ಸೌಲಭ್ಯಗಳು ಸಿಗುತ್ತವೆ. ಕೇಂದ್ರದ 2018ರ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಅಂತ ಇದೆ. ಎಸ್ಸೆಸ್ಸೆಲ್ಸಿಗೆ ಶಾಲೆಯ ಮೂಲಕವೇ ಅರ್ಜಿ ಹೋಗಬೇಕು, ಪರೀಕ್ಷೆಯ ಶುಲ್ಕ ಕಟ್ಟುವ ಹೊತ್ತಿಗೇ ಹೆಡ್‌ಮಾಸ್ತರ ಹತ್ತಿರ ಕೂತು ಮಾಡಿಸಿ. ಕಾರ್ಡು ಬರಲು ತಿಂಗಳುಗಳೇ ಹಿಡಿಯಬಹುದು, ಈಗಲೇ ಹಾಕಿ. ಅರ್ಜಿ ತುಂಬಲು ಕಷ್ಟವಾದರೆ ತಾಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಅಂತ ಒಬ್ಬರು ಇರುತ್ತಾರೆ, ಅವರ ಕೆಲಸವೇ ಅದು. ಹೋಗುವಾಗ ಆಧಾರ್, ಎರಡು ಫೋಟೋ, ಹಳೆಯ ಆಸ್ಪತ್ರೆಯ ಚೀಟಿಗಳು ಎಲ್ಲದರ ಜೆರಾಕ್ಸ್ ಇರಲಿ. ಮಗನನ್ನೂ ಕರೆದುಕೊಂಡು ಹೋಗುವ ದಿನ ಬುತ್ತಿ ಕಟ್ಟಿಕೊಂಡು ಹೋಗಿ, ಸರದಿ ಉದ್ದ ಇರುತ್ತದೆ.